ನಾಟಕವೂ ಒಂದು ದಾಸೋಹ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ಈ ಗೋಷ್ಠಿಯಲ್ಲಿ ಸಾಮಾನ್ಯವಾಗಿ ಮಾತನಾಡುವವರು ವಚನ ಸಾಹಿತ್ಯವನ್ನು ಆಳವಾಗಿ ಓದಿಕೊಂಡ ವಿದ್ವಾಂಸರು. ನಾನು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ, ಸೇತುವೆ ನೋಡಿಕೊಂಡು ನಿವೃತ್ತನಾದ ಇಂಜಿನಿಯರ್. ದುಃಖದ ಕಾಲದಲ್ಲಿ ಶರಣರ ದಾರಿ ಯಾವುದು ಎಂಬ ವಿಷಯದ ಮೇಲೆ ಮಾತನಾಡಿ ಎಂದು ಪೂಜ್ಯರು ಅಪ್ಪಣೆ ಕೊಟ್ಟರು. ತತ್ತ್ವದ ಮಾತು ನನಗೆ ಬಾರದು. ಕಂಡದ್ದನ್ನು ಹೇಳುತ್ತೇನೆ ಎಂದು ಕೇಳಿಕೊಂಡೆ, ಒಪ್ಪಿದರು. ನಾನು ಕಂಡದ್ದು ನಾಟಕ. ಸಿನಿಮಾ ಅಲ್ಲ, ಧಾರಾವಾಹಿ ಅಲ್ಲ. ಕಣ್ಣೆದುರು ಹಲಗೆಯ ಮೇಲೆ ಜೀವಂತ ಮನುಷ್ಯರು ಆಡುವ ನಾಟಕ. ದುಃಖದಲ್ಲಿರುವವನಿಗೆ ಊರೆಲ್ಲ ಉಪದೇಶ ಕೊಡುತ್ತದೆ, ನಾಟಕ ಅವನಿಗೆ ಜೊತೆ ಕೊಡುತ್ತದೆ. ಇದಿಷ್ಟನ್ನು ನಿಮ್ಮ ಮುಂದೆ ಇಡುವುದಕ್ಕೆ ನಿಂತಿದ್ದೇನೆ.

ನಮ್ಮ ಮನೆಯವರಿಗೆ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ದಿನ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ನಾಲ್ಕು ವರ್ಷ ಹೀಗೇ ನಡೆಯಿತು. ಬೆಳಿಗ್ಗೆ ಐದಕ್ಕೆ ಏಳುವುದು, ನೀರಿನ ಲೆಕ್ಕ, ಉಪ್ಪಿನ ಲೆಕ್ಕ ಬರೆಯುವುದು, ಆಟೋ ಕರೆಸುವುದು, ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂರುವುದು. ಅವರು ಲಿಂಗೈಕ್ಯರಾದ ಮೇಲೂ ಐದಕ್ಕೇ ಎಚ್ಚರವಾಗುತ್ತಿತ್ತು. ಎದ್ದು ಮಾಡುವ ಕೆಲಸ ಮಾತ್ರ ಇರಲಿಲ್ಲ. ಮಗ ಪುಣೆಯಲ್ಲಿ, ಮಗಳು ಮೈಸೂರಿನಲ್ಲಿ. ಇಷ್ಟಲಿಂಗ ಪೂಜೆ ಮುಗಿಸಿ ಕೂತರೆ ಮುಂದಿನ ಹದಿನಾರು ಗಂಟೆ ಹೇಗೆ ಕಳೆಯುವುದು ಎಂಬುದೇ ಪ್ರಶ್ನೆ.

ಆ ದಿನಗಳಲ್ಲಿ ಮನೆಗೆ ಬಂದವರಲ್ಲಿ ಮೂರು ಬಗೆ. ಮೊದಲನೆಯವರು ಶರಣರಿಗೆ ಮರಣವೂ ಹಬ್ಬವೇ, ಅಳಬಾರದು ಎಂದರು. ತತ್ತ್ವ ನಿಜ. ಆದರೆ ನಲವತ್ತು ವರ್ಷ ಜೊತೆಗಿದ್ದವರ ಸೀರೆಗಳನ್ನು ಬೀರುವಿನಿಂದ ತೆಗೆಯುವಾಗ ಅದು ಹಬ್ಬದ ಹಾಗೆ ಕಾಣುವುದಿಲ್ಲ. ಎರಡನೆಯವರು ನನ್ನ ಜಾತಕ ಕೇಳಿದರು. ಸಾಡೇಸಾತಿ ನಡೆಯುತ್ತಿರಬೇಕು, ಶನಿಶಾಂತಿ ಮಾಡಿಸದಿದ್ದರೆ ಮಕ್ಕಳಿಗೂ ತಟ್ಟುತ್ತದೆ ಎಂದರು. ಹೀಗೆಂದವರಲ್ಲಿ ಕೊರಳಲ್ಲಿ ಕರಡಿಗೆ ಕಟ್ಟಿಕೊಂಡವರೂ ಇದ್ದರು. ಮೂರನೆಯವರು ಒಂದು ವರ್ಷ ಮದುವೆ, ಜಾತ್ರೆ, ಹಾಡು, ನಾಟಕ ಯಾವುದಕ್ಕೂ ಹೋಗಬಾರದು ಎಂದು ಎಚ್ಚರಿಸಿದರು. ಎಲ್ಲರೂ ಪ್ರೀತಿಯಿಂದಲೇ ಹೇಳಿದರು. ಎಲ್ಲರೂ ಹೊರಟುಹೋದ ಮೇಲೆ ನಾನು ಇನ್ನಷ್ಟು ಒಬ್ಬನೇ ಆಗುತ್ತಿದ್ದೆ.

ನಮ್ಮನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಆಟೋದವರು ಚನ್ನಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯವರು. ಮೂರನೇ ತಿಂಗಳಲ್ಲಿ ಒಂದು ದಿನ ಮನೆಗೆ ಬಂದರು. "ಸಾ, ಶನಿವಾರ ನಮ್ಮೂರಲ್ಲಿ ನಾಟ್ಕ. ರಾಜಾ ವಿಕ್ರಮ. ನಂದು ಶನಿ ಪಾರ್ಟು. ನಾನೇ ಬಂದು ಕರ್ಕೊಂಡೋಯ್ತೀನಿ, ಇಲ್ಲ ಅನ್ಬೇಡಿ" ಎಂದರು. ಮನೆಗೆ ಬಂದವರೆಲ್ಲ ಯಾವ ಶನಿಯ ಹೆಸರು ಹೇಳಿ ನನ್ನನ್ನು ಹೆದರಿಸಿದ್ದರೋ, ಅದೇ ಶನಿ ಆಟೋ ತಂದು ಬಾಗಿಲಲ್ಲಿ ನಿಂತ ಹಾಗಾಯಿತು. ಹೋದೆ.

ನಮ್ಮ ಸೀಮೆಯ ಪೌರಾಣಿಕ ನಾಟಕ ಹೇಗೆ ನಡೆಯುತ್ತದೆ ಎಂಬುದು ನಿಮಗೆ ಗೊತ್ತು, ಆದರೂ ಇಂಜಿನಿಯರ್ ಕಣ್ಣಿಗೆ ಕಂಡದ್ದನ್ನು ಹೇಳುತ್ತೇನೆ. ಕುರುಕ್ಷೇತ್ರ, ದಾನಶೂರ ಕರ್ಣ, ರಾಮಾಂಜನೇಯ ಯುದ್ಧ, ಶನಿಪ್ರಭಾವ, ಹೀಗೆ ಒಂದು ನಾಟಕ ಆರಿಸುತ್ತಾರೆ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡುತ್ತಾರೆ. ಪಾತ್ರ ಮಾಡುವವರು ದುಡ್ಡು ತೆಗೆದುಕೊಳ್ಳುವುದಿಲ್ಲ, ತಾವೇ ಕೊಡುತ್ತಾರೆ. ದೊಡ್ಡ ಪಾರ್ಟಿಗೆ ದೊಡ್ಡ ಮೊತ್ತ, ಸಣ್ಣ ಪಾರ್ಟಿಗೆ ಸಣ್ಣದು. ರೇಷ್ಮೆ ಸಾಕುವವರು, ಬೊಂಬೆ ಕಡೆಯುವವರು, ಬಸ್ ಕಂಡಕ್ಟರು, ಹಾಲಿನ ಡೇರಿಯ ಕಾರ್ಯದರ್ಶಿ, ಎಲ್ಲ ಜಾತಿಯವರೂ ತಿಂಗಳುಗಟ್ಟಲೆ ರಾತ್ರಿ ಊಟವಾದ ಮೇಲೆ ಸೇರಿ ಕಂದ, ವೃತ್ತ ಕಲಿಯುತ್ತಾರೆ. ಸ್ತ್ರೀಪಾತ್ರಕ್ಕೆ ಊರೂರು ತಿರುಗುವ ವೃತ್ತಿ ಕಲಾವಿದೆಯರು ಬರುತ್ತಾರೆ. ಸೀನರಿ, ಕಿರೀಟ, ಗದೆ, ಲೈಟು, ಮೈಕು ಎಲ್ಲ ಬಾಡಿಗೆಗೆ. ರಾತ್ರಿ ಒಂಬತ್ತಕ್ಕೆ ಶುರುವಾದರೆ ಬೆಳಗಿನವರೆಗೆ. ಸರ್ಕಾರದ ಅನುದಾನವಿಲ್ಲ, ಟೆಂಡರ್ ಇಲ್ಲ. ಒಂದೇ ರಾತ್ರಿಗಾಗಿ ಇಷ್ಟೊಂದು ಜನ ಸೇರಿ ಕಟ್ಟುವ ಇಂಥ ಇನ್ನೊಂದು ಕಾಮಗಾರಿಯನ್ನು ನಾನು ನನ್ನ ಸೇವಾವಧಿಯಲ್ಲಿ ನೋಡಿಲ್ಲ.

ಇಲ್ಲಿ ನಮ್ಮ ಸುಧಾರಕ ಬಂಧುಗಳು ಒಂದು ಪ್ರಶ್ನೆ ಕೇಳುತ್ತಾರೆ. ಬಸವಣ್ಣನವರನ್ನು ನಂಬಿದವನು ಶನಿಮಹಾತ್ಮೆಯ ನಾಟಕ ನೋಡುವುದೇ? ಗ್ರಹಬಲ, ರಾಶಿಬಲ, ಮುಹೂರ್ತ ಇವನ್ನೆಲ್ಲ ಶರಣರು ಒಪ್ಪಲಿಲ್ಲ. ನಾನೂ ಒಪ್ಪುವುದಿಲ್ಲ. ಶನಿಶಾಂತಿ ಮಾಡಿಸಲೂ ಇಲ್ಲ. ಆ ರಾತ್ರಿ ನಾನು ನೋಡಿದ್ದನ್ನು ಕೇಳಿ, ಆಮೇಲೆ ತೀರ್ಮಾನ ಮಾಡಿ.

ವಿಕ್ರಮ ರಾಜ್ಯ ಕಳೆದುಕೊಳ್ಳುತ್ತಾನೆ. ಮಾಡದ ಕಳ್ಳತನಕ್ಕೆ ಕೈಕಾಲು ಕತ್ತರಿಸುತ್ತಾರೆ. ಗಾಣಿಗನೊಬ್ಬ ಅವನನ್ನು ಎತ್ತಿ ತಂದು ಗಾಣದ ಮೇಲೆ ಕೂರಿಸುತ್ತಾನೆ. ಕೈಯಿಲ್ಲ, ಕಾಲಿಲ್ಲ, ಬಾಯಿಯೊಂದಿದೆ. ಅಲ್ಲೇ ಕೂತು ಎತ್ತುಗಳನ್ನು ಹೊಡೆಯುತ್ತಾನೆ. ಒಂದು ರಾತ್ರಿ ದೀಪಕ ರಾಗ ಹಾಡುತ್ತಾನೆ, ಊರಿನ ದೀಪಗಳೆಲ್ಲ ತಾವಾಗಿ ಹೊತ್ತಿಕೊಳ್ಳುತ್ತವೆ. ಆ ಊರಿನಲ್ಲಿ ವಿಕ್ರಮನ ಪಾತ್ರ ಮಾಡಿದವರು ರೇಷ್ಮೆ ಬೆಳೆಗಾರರು. ಹಾಡು ಶುರು ಮಾಡಿದರು. ಸೀರಿಯಲ್ ಬಲ್ಬಿನ ಸ್ವಿಚ್ಚು ಹಾಕಬೇಕಾದ ಹುಡುಗ ನಿದ್ದೆ ಹೋಗಿದ್ದ. ಅವರು ಮೊದಲ ಸಲ ಕೈಯೆತ್ತಿದರು, ದೀಪ ಹತ್ತಲಿಲ್ಲ. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸದೆ ಅದೇ ಸಾಲನ್ನು ಮತ್ತೆ ಎತ್ತಿದರು, ಇವರೂ ಹಾಡಿದರು. ಎರಡನೆಯ ಸಲವೂ ಇಲ್ಲ. ಜನ ನಗಲು ಶುರುಮಾಡಿದರು. ಯಾರೋ "ವಿಕ್ರಮಣ್ಣ, ಬಿಡಬೇಡ!" ಎಂದು ಕೂಗಿದರು. ಮೂರನೆಯ ಸಲ ಅವರು ಉಸಿರು ಕಟ್ಟಿ ಹಾಡಿದಾಗ ಬಲ್ಬುಗಳು ಒಮ್ಮೆಲೇ ಝಗ್ಗೆಂದವು. ಆ ಶಿಳ್ಳೆ, ಆ ಚಪ್ಪಾಳೆ! ನಾನು ನಗುತ್ತಿದ್ದೆ. ಕಣ್ಣಲ್ಲಿ ನೀರೂ ಬರುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿಗೂ ಹಾಗೇ. ಯಾಕೆ ಅಳ್ತೀಯಪ್ಪಾ ಎಂದು ಆಕೆ ಕೇಳಲಿಲ್ಲ, ಕಡಲೆಕಾಯಿ ಕೊಟ್ಟರು.

ರಾತ್ರಿ ಎರಡರ ಹೊತ್ತಿಗೆ ಟೀ ಕುಡಿಯೋಣವೆಂದು ರಂಗದ ಹಿಂದಕ್ಕೆ ಹೋದೆ. ಶನಿಮಹಾತ್ಮ ಕಿರೀಟ ಕಳಚಿ ತೊಡೆಯ ಮೇಲಿಟ್ಟುಕೊಂಡು, ಮುಖದ ಕಪ್ಪು ಬಣ್ಣ ಅಳಿಸದ ಹಾಗೆ ತುಟಿಯ ತುದಿಯಲ್ಲಿ ಟೀ ಹೀರುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. "ಅಮ್ಮಾವ್ರು ಇದ್ದಿದ್ರೆ ನನ್ ವೇಷ ನೋಡಿ ನಗಾಡ್ತಿದ್ರು ಸಾ" ಎಂದರು. ನಾಲ್ಕು ವರ್ಷ ಅವರನ್ನು ಕೈಹಿಡಿದು ಆಟೋ ಹತ್ತಿಸಿದವರು ಅವರು. ಆ ಮೂರು ತಿಂಗಳಲ್ಲಿ ನನ್ನ ಮನೆಯವರ ನಗುವಿನ ಬಗ್ಗೆ ಮಾತನಾಡಿದ ಮೊದಲನೆಯವರೂ ಅವರೇ. ಉಳಿದವರೆಲ್ಲ ಅವರ ಸಾವಿನ ಬಗ್ಗೆಯೇ ಮಾತನಾಡಿದ್ದರು.

ಬಂಧುಗಳೇ, ಶನಿಯ ಭಯವನ್ನು ಕಳೆಯಲು ನಾವು ಎಷ್ಟೋ ವಿಚಾರ ಸಂಕಿರಣ ಮಾಡಿದ್ದೇವೆ, ಮಾಡಬೇಕು ಕೂಡ. ಆದರೆ ಶನಿ ಟೀ ಕುಡಿಯುವುದನ್ನು ನೋಡಿದವನಿಗೆ ಮತ್ತೆ ಶನಿಯ ಭಯ ಹುಟ್ಟುವುದು ಕಷ್ಟ. ಆ ನಾಟಕದಿಂದ ನಾನು ಮನೆಗೆ ತಂದದ್ದು ಗ್ರಹಚಾರವನ್ನಲ್ಲ. ಎಲ್ಲವನ್ನೂ ಕಳೆದುಕೊಂಡವನು ಗಾಣದ ಮೇಲೆ ಕೂತು ಮಾಡುವ ಕಾಯಕ, ಆ ಹಾಡು, ಹತ್ತದ ದೀಪಕ್ಕಾಗಿ ಮತ್ತೆ ಮತ್ತೆ ಹಾಡಿದ ಆ ರೈತನ ಹಟ, ಇಷ್ಟನ್ನು ತಂದೆ.

ನಂತರ ಒಬ್ಬ ಬಂಧು ಕೇಳಿದರು, ಮನೆಯಲ್ಲಿ ಸಾವಾಗಿ ವರ್ಷ ತುಂಬಿಲ್ಲ, ನಾಟಕಕ್ಕೆ ಹೋಗಿದ್ದಿರಂತೆ? ಇದಕ್ಕೆ ಉತ್ತರ ನಮ್ಮ ಧರ್ಮದಲ್ಲೇ ಇದೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣರು ತಳ್ಳಿಹಾಕಿದರು. ಇಷ್ಟಲಿಂಗ ಧರಿಸಿದವನಿಗೆ ಸೂತಕವಿಲ್ಲ ಎಂದರು. ನಾವು ಇದನ್ನು ಭಾಷಣದಲ್ಲಿ ಹೇಳುತ್ತೇವೆ. ಆದರೆ ಗಂಡ ಸತ್ತ ಹೆಣ್ಣುಮಗಳು ಹಬ್ಬದಲ್ಲಿ ಮುಂದೆ ಬಂದರೆ ಮುಖ ಸಿಂಡರಿಸುತ್ತೇವೆ. ನಾನು ಗಂಡಸು, ನನಗೆ ಒಬ್ಬರು ಕೇಳಿದರು. ನನ್ನ ಜಾಗದಲ್ಲಿ ನನ್ನ ಹೆಂಡತಿ ಉಳಿದಿದ್ದರೆ, ಅವರು ನಾಟಕ ನೋಡಲು ಹೋಗಿದ್ದರೆ, ಎಷ್ಟು ಜನ ಕೇಳುತ್ತಿದ್ದರು? ದುಃಖದಲ್ಲಿರುವವರನ್ನು ವರ್ಷವಿಡೀ ಮನೆಯಲ್ಲಿ ಕೂರಿಸುವ ಈ ಪದ್ಧತಿ ಸೂತಕದ್ದೇ ಇನ್ನೊಂದು ರೂಪ. ಜೊತೆ ಬೇಕಾದ ಹೊತ್ತಿನಲ್ಲೇ ಅದು ಮನುಷ್ಯನನ್ನು ಜನರಿಂದ ದೂರ ಮಾಡುತ್ತದೆ.

ಟಿ.ವಿ. ಇದೆಯಲ್ಲ, ಮೊಬೈಲಿನಲ್ಲೇ ಬೇಕಾದಷ್ಟು ನಾಟಕ ಸಿಗುತ್ತದಲ್ಲ ಎನ್ನಬಹುದು. ನಮ್ಮ ಮನೆಯಲ್ಲೂ ಟಿ.ವಿ. ದಿನವಿಡೀ ಓಡುತ್ತಿತ್ತು. ನಾನು ಎದ್ದು ಹೋದರೂ ಅದು ಓಡುತ್ತಲೇ ಇರುತ್ತದೆ. ನಾನಿದ್ದೇನೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ನಾಟಕ ಹಾಗಲ್ಲ. ಜನ ನಕ್ಕರೆ ನಟ ಒಂದು ಕ್ಷಣ ನಿಲ್ಲುತ್ತಾನೆ. ಜನ ಉಸಿರು ಬಿಗಿಹಿಡಿದರೆ ದನಿ ತಗ್ಗಿಸುತ್ತಾನೆ. ನೋಡುವವನೂ ನಾಟಕದ ಒಂದು ಭಾಗ, ಅವನಿಗೂ ಅಲ್ಲೊಂದು ಕೆಲಸವಿದೆ. ಯಾರಿಗೂ ಬೇಡವಾದೆ ಎಂದುಕೊಂಡಿರುವ ಮುದುಕನಿಗೆ ಇದು ಸಣ್ಣ ವಿಷಯವಲ್ಲ. ಇನ್ನೊಂದು ಮಾತು: ನಮ್ಮ ದುಃಖಕ್ಕಾಗಿ ನಾವೇ ಅತ್ತರೆ ನಾಚಿಕೆ, ನೋಡಿದವರಿಗೆ ಮುಜುಗರ. ವಿಕ್ರಮನಿಗಾಗಿ, ಕರ್ಣನಿಗಾಗಿ ಅತ್ತರೆ ಸಾವಿರ ಜನರ ನಡುವೆಯೂ ನಾಚಿಕೆಯಿಲ್ಲ. ಆ ನೆಪದಲ್ಲಿ ನಮ್ಮದೂ ಹರಿದುಹೋಗುತ್ತದೆ. ಕಟ್ಟೆಯಲ್ಲಿ ನೀರು ತುಂಬಿದಾಗ ಕೋಡಿ ಇರಬೇಕು. ಕೋಡಿ ಇಲ್ಲದ ಕೆರೆಯ ಏರಿ ಒಡೆಯುತ್ತದೆ. ಇದು ಇಂಜಿನಿಯರಿಂಗ್ ಓದದ ನಮ್ಮ ಹಿರಿಯರಿಗೂ ಗೊತ್ತಿತ್ತು.

ವೇಷ, ಹಾಡು, ನಗು ಇವೆಲ್ಲ ಶರಣ ಧರ್ಮಕ್ಕೆ ಹೊರಗಿನವು ಎಂದು ತಿಳಿಯಬಾರದು. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಬಹುರೂಪಿ ಚೌಡಯ್ಯ ಇದ್ದಾರೆ. ಹಲವು ವೇಷ ಹಾಕಿ ಜನರ ಮುಂದೆ ಆಡುವುದೇ ಅವರ ಕಾಯಕ. ರೇಕಣ್ಣಪ್ರಿಯ ನಾಗಿನಾಥ ಎಂಬುದು ಅವರ ವಚನಗಳ ಅಂಕಿತ. ನಗೆಯ ಮಾರಿತಂದೆ ಇದ್ದಾರೆ. ಶರಣರನ್ನು ನಗಿಸುವುದೇ ಅವರ ಕಾಯಕ. ಯೋಚಿಸಿ ನೋಡಿ: ಅಂಬಿಗ, ಮಡಿವಾಳ, ಸಮಗಾರ, ಗಾಣಿಗ ಇವರ ಜೊತೆಗೆ ಸಮನಾಗಿ ನಟನಿಗೂ ನಗಿಸುವವನಿಗೂ ಆಸನ ಕೊಟ್ಟ ಧರ್ಮ ನಮ್ಮದು. ದೋಣಿ ದಾಟಿಸುವುದು ಕಾಯಕವಾದರೆ, ದುಃಖದ ರಾತ್ರಿಯೊಂದನ್ನು ದಾಟಿಸುವುದೂ ಕಾಯಕವೇ.

ನಮ್ಮ ಕಾಲದಲ್ಲಿ ಇದನ್ನು ಅರಿತು ಮಾಡಿ ತೋರಿಸಿದ ಮಠಗಳಿವೆ. ಸಿರಿಗೆರೆಯ ಲಿಂಗೈಕ್ಯ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಯವರು ಸ್ವತಃ ನಾಟಕ ಬರೆದರು. 'ಮರಣವೇ ಮಹಾನವಮಿ' ಅವರ ನಾಟಕಗಳಲ್ಲಿ ಒಂದು. ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಒಂದು ಸಣ್ಣ ಹಳ್ಳಿ. ಅಲ್ಲಿನ ಪೂಜ್ಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1997ರಲ್ಲಿ ಶಿವಸಂಚಾರ ಎಂಬ ತಿರುಗಾಟದ ತಂಡ ಕಟ್ಟಿದರು. ಕಲಾವಿದರು ಮಠದಲ್ಲೇ ಇದ್ದು ವರ್ಷಕ್ಕೆ ಮೂರು ನಾಟಕ ಕಲಿಯುತ್ತಾರೆ. ನವೆಂಬರ್ ಹೊತ್ತಿಗೆ ಅಲ್ಲಿ ನಾಟಕೋತ್ಸವ, ಆಮೇಲೆ ನಾಡೆಲ್ಲ ತಿರುಗಾಟ. 2019ರ ಆಗಸ್ಟ್‌ನಲ್ಲಿ ತರೀಕೆರೆಯಿಂದ ಬಸವಕಲ್ಯಾಣದವರೆಗೆ ನಡೆದ 'ಮತ್ತೆ ಕಲ್ಯಾಣ' ಅಭಿಯಾನದಲ್ಲೂ ಸಂವಾದ, ಸಭೆಗಳ ಜೊತೆ ನಾಟಕಕ್ಕೆ ಜಾಗವಿತ್ತು.

ಮೋಳಿಗೆ ಮಾರಯ್ಯನವರ ಕಥೆಯ ನಾಟಕವನ್ನು ನಾನು ಎರಡನೆಯ ವರ್ಷ ಇನ್ನೊಂದು ಊರಿನ ಮಠದಲ್ಲಿ ನೋಡಿದೆ. ಕಾಶ್ಮೀರದ ಅರಸ, ಅರಸಿ. ಸಿಂಹಾಸನ ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆ ಹೊರೆ ಮಾರಿ ಬದುಕುತ್ತಾರೆ. ಬಸವಣ್ಣನವರು ಗುಟ್ಟಾಗಿ ಇಟ್ಟುಹೋದ ಹೊನ್ನನ್ನೂ ಇಟ್ಟುಕೊಳ್ಳುವುದಿಲ್ಲ. ಈ ಕಥೆ ನಾನು ಪ್ರವಚನಗಳಲ್ಲಿ ಹತ್ತಾರು ಸಲ ಕೇಳಿದ್ದೆ. ಹೊನ್ನಿನ ಪ್ರಸಂಗ ಎಲ್ಲರಿಗೂ ಗೊತ್ತು. ಕೊನೆಯ ಭಾಗ ಅಷ್ಟಾಗಿ ಕಿವಿಗೆ ಬಿದ್ದಿರಲಿಲ್ಲ. ಮಾರಯ್ಯನವರು ಈ ಲೋಕ ಸಾಕು, ಕೈಲಾಸ ಬೇಕು ಎಂದು ಹಂಬಲಿಸಿದಾಗ ಅವರ ಮಡದಿ ಮಹಾದೇವಿಯಮ್ಮ ತಿದ್ದುತ್ತಾರೆ. ನಿಂತ ನೆಲದಲ್ಲಿ ಕಾಣದ್ದನ್ನು ಬೇರೆಲ್ಲೋ ಹುಡುಕುವುದು ಏಕೆ ಎಂಬ ಅರ್ಥದಲ್ಲಿ ಗಂಡನಿಗೆ ಅರಿವು ಕೊಡುತ್ತಾರೆ, ಗಂಡ ಒಪ್ಪುತ್ತಾರೆ. ಹಲಗೆಯ ಮೇಲೆ ಒಬ್ಬ ಗಂಡ, ಒಬ್ಬ ಹೆಂಡತಿ ಎದುರುಬದುರು ನಿಂತು ಇದನ್ನು ಆಡಿದಾಗ, ನನಗೆ ನನ್ನ ಮನೆಯ ಅಡುಗೆಮನೆ ಕಾಣಿಸಿತು. ಡಯಾಲಿಸಿಸ್ ಮುಗಿಸಿ ಬಂದ ಸುಸ್ತಿನಲ್ಲೂ ನಾನು ಬೇಸರಪಟ್ಟರೆ ತಿದ್ದುತ್ತಿದ್ದವರು ಅವರೇ. ಮೊದಲ ವಾರ ಬಂದವರು ನನಗೆ ಹೇಳಿದ ತತ್ತ್ವವೂ ಇದೇ. ಆಗ ಅದು ನನ್ನ ಬಾಯಿ ಮುಚ್ಚಿಸಿತ್ತು. ಈಗ ಅದೇ ತತ್ತ್ವ ಒಬ್ಬ ಹೆಂಡತಿಯ ದನಿಯಲ್ಲಿ ಬಂದಾಗ ಒಳಗೆ ಇಳಿಯಿತು. ಮನೆಯವರು ಹೋದರು, ಅವರು ತಿದ್ದಿದ್ದು ಹೋಗಿಲ್ಲ ಎಂದು ಆ ರಾತ್ರಿ ತಿಳಿಯಿತು.

ಈಗ ನನ್ನ ಕೋರಿಕೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು ದಾಸೋಹ ಎಂದರೇನು ಎಂದು ನಾಡಿಗೆ ತೋರಿಸಿದರು. ಪಂಕ್ತಿಯಲ್ಲಿ ಕೂತವನನ್ನು ನೀನು ಯಾರು, ಏಕೆ ಬಂದೆ ಎಂದು ಕೇಳುವುದಿಲ್ಲ, ಎಲೆ ಹಾಕಿ ಬಡಿಸುತ್ತಾರೆ. ನಾಟಕದ ಬಯಲಿನಲ್ಲೂ ಹಾಗೇ. ಆ ಅಜ್ಜಿ ನನಗೆ ಕಡಲೆಕಾಯಿ ಕೊಟ್ಟ ಹಾಗೆ. ಹಸಿದ ಹೊಟ್ಟೆಗೆ ಅನ್ನ ಕೊಡುವ ನಮ್ಮ ಮಠಗಳು ಹಸಿದ ಮನಸ್ಸಿಗೆ ವರ್ಷಕ್ಕೆ ಒಂದೆರಡು ರಾತ್ರಿಯಾದರೂ ಇದನ್ನು ಬಡಿಸಬೇಕು.

ಮಾಡುವುದು ಹೇಗೆ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕಿನ ಮಠಗಳು, ಬಸವ ಸಮಿತಿಗಳು ಒಟ್ಟಾಗಿ ಒಂದು ತಂಡವನ್ನು ಕರೆಸಿದರೆ ಒಂದೇ ತಿರುಗಾಟದಲ್ಲಿ ನಾಲ್ಕೂ ಊರಿಗೆ ನಾಟಕ ಸಿಗುತ್ತದೆ, ಪ್ರಯಾಣದ ಖರ್ಚು ಹಂಚಿಹೋಗುತ್ತದೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಬಯಲು ರಂಗಮಂದಿರವಿದೆ, ಕೇಳಿ ನೋಡಬಹುದು. ಉಳಿದ ಕಡೆ ಮಠದ ಅಂಗಳ ಸಾಕು. ಮೂವತ್ತಡಿ ಅಗಲ, ಇಪ್ಪತ್ತಡಿ ಆಳ, ಮೂರಡಿ ಎತ್ತರದ ಕಟ್ಟೆ, ಹಿಂದೆ ಬಣ್ಣ ಹಚ್ಚಿಕೊಳ್ಳಲು ಎರಡು ಕೋಣೆ, ಕಲಾವಿದೆಯರಿಗೆ ಬೇರೆ ಶೌಚಾಲಯ. ನಕ್ಷೆ, ಅಂದಾಜುಪಟ್ಟಿ ನಾನು ಮಾಡಿಕೊಡುತ್ತೇನೆ, ಅದು ನನ್ನ ಸೇವೆ. ಸಂಜೆ ಆರೂವರೆಗೆ ಶುರುಮಾಡಿ ಒಂಬತ್ತರೊಳಗೆ ಮುಗಿಸಿದರೆ ಕೊನೆಯ ಬಸ್ಸು ಸಿಗುತ್ತದೆ. ಊರೂರಿನ ಪೌರಾಣಿಕ ನಾಟಕದ ನಮ್ಮ ಹುಡುಗರಿಗೂ ಒಂದು ಶರಣ ನಾಟಕ ಕಲಿಸೋಣ. ಕುರುಕ್ಷೇತ್ರದ ಭೀಮನಿಗೆ ಮಡಿವಾಳ ಮಾಚಿದೇವರ ಪಾತ್ರ ಕಷ್ಟವೇನಲ್ಲ, ದನಿಯಂತೂ ಸಿದ್ಧವಿದೆ.

ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸಕ್ಕೆ ದುಡ್ಡೇ ಬೇಡ. ನಿಮ್ಮ ಬೀದಿಯಲ್ಲಿ ಈ ವರ್ಷ ಸಾವಾದ ಮನೆ ಇರುತ್ತದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮಗಳೋ ಸೊಸೆಯೋ ಇರುತ್ತಾಳೆ. ನಾಟಕದ ಕರಪತ್ರ ಆ ಮನೆಯ ಬಾಗಿಲಿಗೆ ಸಿಕ್ಕಿಸಿ ಬರಬೇಡಿ. ಹೋಗಿ ಕೂಗಿ, ಕರೆದುಕೊಂಡು ಬನ್ನಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಮನೆಯಲ್ಲಿ ರೋಗಿ ಇದ್ದರೆ ಆ ಎರಡೂವರೆ ಗಂಟೆ ನಿಮ್ಮ ಮನೆಯವರೊಬ್ಬರು ಹೋಗಿ ನೋಡಿಕೊಳ್ಳಲಿ. ಸಮಾಧಾನದ ಮಾತು ಹುಡುಕಬೇಡಿ, ಅದನ್ನು ಹೇಳುವ ಕೆಲಸ ಹಲಗೆಯ ಮೇಲಿನವರಿಗೆ ಬಿಡಿ.